ಕೈ ಎತ್ತಿದಾಗ ಮಾತ್ರ ಕಾಣುವ ಕಾಯಿಲೆ

ನಮ್ಮ ದೇಹದ ಅಂಗಗಳಲ್ಲಿ ಕೈಯಷ್ಟು ದುಡಿಯುವ ಅಂಗ ಅಪರೂಪ. ಬೆಳಗ್ಗೆ ಮುಖ ತೊಳೆಯುವುದರಿಂದ ಹಿಡಿದು ರಾತ್ರಿ ಹಾಸಿಗೆ ಬಿಡಿಸುವವರೆಗೆ ಸಕಲ ಕಾಯಕವೂ ಅದನ್ನೇ ನಂಬಿಕೊಂಡಿದೆ. ಆದ್ದರಿಂದಲೇ ಕೈಗೆ ಪದೇ ಪದೇ ಜೋಮು ಹಿಡಿದರೆ, ಬೆರಳು ಮರಗಟ್ಟಿದರೆ, ಹಿಡಿದ ಲೋಟ ತಾನಾಗಿ ಜಾರಿದರೆ ಮನುಷ್ಯನ ಧೈರ್ಯ ಅರ್ಧ ಕುಸಿಯುತ್ತದೆ. ಇಂತಹ ಸಂದರ್ಭದಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತುಗಳು ಎರಡು. ಕುತ್ತಿಗೆಯ ಮೂಳೆ ಸವೆದಿದೆ ಎಂಬುದು ಒಂದು. ನರದ ದೌರ್ಬಲ್ಯ ಎಂಬುದು ಇನ್ನೊಂದು. ಅನೇಕರ ಪಾಲಿಗೆ ಈ ಮಾತುಗಳು ನಿಜವೂ ಆಗಿರುತ್ತವೆ.

ಆದರೆ ಕೆಲವರ ಸ್ಥಿತಿ ಬೇರೆ. ಕುತ್ತಿಗೆಯ ಸ್ಕ್ಯಾನ್ ಮಾಡಿಸಿದರೆ ಅಲ್ಲಿ ಹೇಳಿಕೊಳ್ಳುವಂಥ ದೋಷ ಕಾಣುವುದಿಲ್ಲ. ಮಣಿಕಟ್ಟಿನ ನರವನ್ನು ಪರೀಕ್ಷಿಸಿದರೆ ಅದೂ ಸರಿಯಾಗಿರುತ್ತದೆ. ಜೀವಸತ್ವದ ಮಾತ್ರೆ ನುಂಗಿದರೂ ಫಲವಿಲ್ಲ. ಕೈ ಮಾತ್ರ, ತಲೆಯ ಮೇಲಕ್ಕೆ ಎತ್ತಿದ ಕೂಡಲೇ, ಭಾರವಾಗಿ ಸೋತು ಬೀಳುತ್ತದೆ. ಎಲ್ಲ ವರದಿಗಳೂ ಸರಿಯಾಗಿಯೇ ಬಂದಾಗ ಮನೆಯವರಿಗೂ ಕೆಲವೊಮ್ಮೆ ವೈದ್ಯರಿಗೂ, ಇದು ಮನಸ್ಸಿನ ಕಾಯಿಲೆ ಇರಬಹುದೇನೋ ಎಂಬ ಸಂದೇಹ ಮೂಡುತ್ತದೆ. ನೋವಿನ ಜೊತೆಗೆ ಅವಿಶ್ವಾಸವನ್ನೂ ಹೊರಬೇಕಾದ ರೋಗಿಯ ಸಂಕಟ ಹೇಳತೀರದು. ಕುತ್ತಿಗೆ ಮತ್ತು ಕಂಕುಳಿನ ನಡುವಿನ ಇಕ್ಕಟ್ಟಾದ ದಾರಿಯಲ್ಲಿ ನರ ಅಥವಾ ರಕ್ತನಾಳ ಅದುಮಿಕೊಳ್ಳುವ ಈ ಸ್ಥಿತಿಯನ್ನು ವೈದ್ಯಶಾಸ್ತ್ರವು ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್ ಎಂದು ಕರೆಯುತ್ತದೆ. ಎದೆಗೂಡಿನ ಹೊರದ್ವಾರದ ಬಾಧೆ ಎಂದು ನಾವು ಅದನ್ನು ಅರ್ಥಮಾಡಿಕೊಳ್ಳಬಹುದು. ಅದನ್ನು ಗುರುತಿಸುವಲ್ಲಿ ಚಲನೆಯ ಚಿತ್ರಣ ಹೇಗೆ ನೆರವಾಗುತ್ತದೆ, ಅದರ ಮಿತಿ ಎಲ್ಲಿದೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಮೂರು ಇಕ್ಕಟ್ಟಾದ ದಾರಿಗಳು

ಕೈಗೆ ಬೇಕಾದ ಸಂವೇದನೆ, ಬಲ ಮತ್ತು ರಕ್ತ ಇವೆಲ್ಲವೂ ಹೆಗಲಿನ ಮುಂಭಾಗದ ಒಂದೇ ಹಾದಿಯಲ್ಲಿ ಸಾಗಿ ಬರಬೇಕು. ಕುತ್ತಿಗೆಯ ಐದನೆಯಿಂದ ಎಂಟನೆಯವರೆಗಿನ ನಾಲ್ಕು ನರಮೂಲಗಳು ಮತ್ತು ಎದೆಯ ಮೊದಲನೆಯ ನರಮೂಲ, ಈ ಐದೂ ಸೇರಿ ಹೆಣೆದುಕೊಂಡು ತೋಳಿನ ನರಜಾಲವಾಗುತ್ತವೆ. ವೈದ್ಯರು ಇದನ್ನು ಬ್ರೇಕಿಯಲ್ ಪ್ಲೆಕ್ಸಸ್ ಎನ್ನುತ್ತಾರೆ. ಹೃದಯದಿಂದ ಕೈಗೆ ರಕ್ತ ತರುವ ಅಪಧಮನಿ ಮತ್ತು ಕೈಯಿಂದ ರಕ್ತವನ್ನು ಹಿಂದಿರುಗಿಸುವ ಅಭಿಧಮನಿ ಈ ನರಜಾಲದ ನೆರೆಯಲ್ಲೇ ಹರಿಯುತ್ತವೆ.

ಈ ಹಾದಿಯಲ್ಲಿ ಮೂರು ಕಿರಿದಾದ ಎಡೆಗಳಿವೆ. ಮೊದಲನೆಯದು ಕುತ್ತಿಗೆಯ ಬುಡದಲ್ಲಿದೆ. ಸ್ಕೇಲೀನ್ ಎಂಬ ಹೆಸರಿನ ಸ್ನಾಯುಗಳಲ್ಲಿ ಮುಂದಿನದು ಮತ್ತು ನಡುವಿನದು ಎರಡು ಬದಿಗಳಾಗಿ, ಮೊದಲನೆಯ ಪಕ್ಕೆಲುಬು ತಳವಾಗಿ, ಅಲ್ಲೊಂದು ತ್ರಿಕೋನ ಏರ್ಪಡುತ್ತದೆ. ನರಜಾಲವೂ ಅಪಧಮನಿಯೂ ಇದರೊಳಗಿಂದ ಹೊರಬರುತ್ತವೆ. ಅಭಿಧಮನಿ ಮಾತ್ರ ಈ ತ್ರಿಕೋನವನ್ನು ಹೊಗದೆ ಮುಂದಿನ ಸ್ನಾಯುವಿನ ಎದುರು ಭಾಗದಲ್ಲಿ ಹಾದುಹೋಗುತ್ತದೆ. ಎರಡನೆಯ ಎಡೆ ಕೊರಳೆಲುಬಿಗೂ ಮೊದಲನೆಯ ಪಕ್ಕೆಲುಬಿಗೂ ನಡುವೆ ಇದೆ. ಇಲ್ಲಿ ನರ, ಅಪಧಮನಿ, ಅಭಿಧಮನಿ ಮೂರೂ ಒಟ್ಟಾಗಿ ಸಾಗುತ್ತವೆ. ಮೂರನೆಯದು ಅದಕ್ಕಿಂತ ಹೊರಗೆ, ಪೆಕ್ಟೊರಾಲಿಸ್ ಮೈನರ್ ಎಂಬ ಎದೆಯ ಚಿಕ್ಕ ಸ್ನಾಯುವಿನ ಹಿಂಬದಿಯಲ್ಲಿದೆ. ಅದನ್ನು ದಾಟಿದ ಮೇಲೆ ಎಲ್ಲವೂ ಕಂಕುಳನ್ನು ಸೇರುತ್ತವೆ.

ಈ ಎಡೆಗಳ ಅಗಲ ಸ್ಥಿರವಾದುದಲ್ಲ ಎಂಬುದೇ ಇಲ್ಲಿ ನಾವು ಮುಖ್ಯವಾಗಿ ಗಮನಿಸಬೇಕಾದ ಸಂಗತಿ. ಕೈ ಕೆಳಗಿಳಿಬಿಟ್ಟು ನಿಂತಾಗ ಕೊರಳೆಲುಬು ಮತ್ತು ಪಕ್ಕೆಲುಬಿನ ನಡುವೆ ಸಾಕಷ್ಟು ಅವಕಾಶವಿರುತ್ತದೆ. ಕೈ ಮೇಲೆತ್ತಿದಾಗ ಕೊರಳೆಲುಬು ಹಿಂದಕ್ಕೆ ಸರಿದು ತಿರುಗುತ್ತದೆ. ಆಗ ಆ ಕಂಡಿ ಕತ್ತರಿಯ ಬಾಯಿಯಂತೆ ಕಿರಿದಾಗುತ್ತದೆ. ಎದೆಯ ಚಿಕ್ಕ ಸ್ನಾಯುವೂ ಬಿಗಿದುಕೊಂಡು ತನ್ನ ಹಿಂದಿರುವ ನರಗಳ ಮೇಲೆ ಒರಗುತ್ತದೆ. ಕೈ ಇಳಿಸಿದೊಡನೆ ಎಲ್ಲವೂ ಮೊದಲಿನಂತಾಗುತ್ತದೆ. ಕಾಯಿಲೆಯು ಕೈಯ ಭಂಗಿಯನ್ನು ಅವಲಂಬಿಸಿದೆ ಎಂದ ಮೇಲೆ ಅದನ್ನು ಹುಡುಕುವ ವಿಧಾನವೂ ಭಂಗಿಯನ್ನು ಗಮನಿಸಲೇಬೇಕಲ್ಲವೇ?

ಒತ್ತಡಕ್ಕೆ ಕಾರಣಗಳು

ಕೆಲವರಿಗೆ ಹುಟ್ಟಿನಿಂದಲೇ ಕುತ್ತಿಗೆಯ ಏಳನೆಯ ಕಶೇರುಕಕ್ಕೆ ಅಂಟಿದ ಒಂದು ಹೆಚ್ಚುವರಿ ಪಕ್ಕೆಲುಬು ಇರುತ್ತದೆ. ಇದನ್ನು ಸರ್ವೈಕಲ್ ರಿಬ್ ಎನ್ನುತ್ತಾರೆ. ನೂರು ಜನರಲ್ಲಿ ಒಬ್ಬರಿಗೆ ಅಥವಾ ಅದಕ್ಕಿಂತ ಕಡಿಮೆ ಮಂದಿಗೆ ಇದು ಇರಬಹುದು. ಪುರುಷರಿಗಿಂತ ಸ್ತ್ರೀಯರಲ್ಲಿ ಹೆಚ್ಚು. ಇದ್ದವರಲ್ಲಿಯೂ ಹೆಚ್ಚಿನವರಿಗೆ ಜೀವಮಾನವಿಡೀ ಯಾವ ತೊಂದರೆಯೂ ಆಗುವುದಿಲ್ಲ. ಬೇರೆ ಕೆಲವರಲ್ಲಿ ಎಲುಬಿನ ಬದಲು ಗಟ್ಟಿಯಾದ ನಾರಿನ ಪಟ್ಟಿಯೊಂದು ನರದ ಕೆಳಗೆ ತಂತಿಯಂತೆ ಬಿಗಿದಿರುತ್ತದೆ. ಕೊರಳೆಲುಬು ಮುರಿದು ಓರೆಯಾಗಿ ಕೂಡಿಕೊಂಡಿರುವುದು, ವಾಹನ ಅಪಘಾತದಲ್ಲಿ ಕುತ್ತಿಗೆ ಜಗ್ಗಿ ಸ್ನಾಯು ಗಾಯಗೊಂಡಿರುವುದು, ಹೆಗಲು ಮುಂದಕ್ಕೆ ಬಾಗಿ ಜೋತು ಬಿದ್ದಿರುವುದು ಕೂಡ ಕಾರಣಗಳಾಗಬಲ್ಲವು.

ಇದರೊಂದಿಗೆ ದುಡಿಮೆಯ ರೀತಿಯೂ ಸೇರಿಕೊಳ್ಳುತ್ತದೆ. ಚಪ್ಪರದ ದ್ರಾಕ್ಷಿಯ ಗೊನೆಗಳನ್ನು ದಿನವಿಡೀ ಕೈಯೆತ್ತಿ ಕೊಯ್ಯುವವರು, ಛಾವಣಿಗೆ ಬಣ್ಣ ಬಳಿಯುವವರು, ಮನೆಗಳಿಗೆ ವಿದ್ಯುತ್ ತಂತಿ ಎಳೆಯುವವರು, ಉದ್ದನೆಯ ದೋಟಿ ಹಿಡಿದು ಅಡಕೆ ಕೊಯ್ಯುವವರು, ಕಪ್ಪು ಹಲಗೆಯ ಮೇಲೆ ಬರೆಯುತ್ತ ನಿಲ್ಲುವ ಶಿಕ್ಷಕರು, ಹೆಗಲ ಮೇಲೆ ಮೂಟೆ ಹೊರುವ ಹಮಾಲರು, ಈಜುಗಾರರು, ಚೆಂಡು ಎಸೆಯುವ ಆಟಗಾರರು, ಇವರೆಲ್ಲರ ಭುಜದ ಮೇಲೆ ಒಂದೇ ಬಗೆಯ ಶ್ರಮ ಮತ್ತೆ ಮತ್ತೆ ಬೀಳುತ್ತದೆ. ಈ ಕೆಲಸ ಮಾಡುವವರಿಗೆಲ್ಲ ಕಾಯಿಲೆ ಬರುತ್ತದೆಂದು ತಿಳಿಯಬಾರದು. ಹುಟ್ಟಿನಿಂದಲೇ ಎಡೆ ಕಿರಿದಾಗಿದ್ದವರಲ್ಲಿ ದುಡಿಮೆಯು ಅದನ್ನು ಹೊರಗೆಡಹುತ್ತದೆ ಎಂದು ತಿಳಿದರೆ ಸಾಕು.

ಮೂರು ಬಗೆಗಳು, ಮೂರು ಲಕ್ಷಣಗಳು

ಅದುಮಿಕೊಂಡದ್ದು ಯಾವುದು ಎಂಬುದರ ಮೇಲೆ ಈ ಬಾಧೆಯನ್ನು ಮೂರಾಗಿ ವಿಂಗಡಿಸುತ್ತಾರೆ.

ನರದ ಬಗೆಯು ಅತ್ಯಂತ ಸಾಮಾನ್ಯ. ಗುರುತಿಸಲ್ಪಟ್ಟ ರೋಗಿಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಈ ಗುಂಪಿನವರು. ಕುತ್ತಿಗೆ, ಹೆಗಲು, ತೋಳಿನ ಒಳಭಾಗದಲ್ಲಿ ನೋವು. ಉಂಗುರ ಬೆರಳು ಮತ್ತು ಕಿರುಬೆರಳಿನಲ್ಲಿ ಜೋಮು. ಬಟ್ಟೆ ಒಣಹಾಕುವಾಗ, ತಲೆ ಬಾಚುವಾಗ, ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತಾಗ ಕೈ ಸೋಲುವುದು ಇದರ ಲಕ್ಷಣಗಳು. ಬಹುಕಾಲ ಹಾಗೆಯೇ ಬಿಟ್ಟರೆ ಅಪರೂಪವಾಗಿ ಹೆಬ್ಬೆರಳಿನ ಬುಡದ ಮಾಂಸಖಂಡ ಕರಗಿ ಅಂಗೈ ಚಪ್ಪಟೆಯಾಗುತ್ತದೆ. ಅಷ್ಟರ ಮಟ್ಟಿಗೆ ಕರಗಿದ ಸ್ನಾಯು ಪೂರ್ತಿಯಾಗಿ ಮರಳುವುದು ಕಷ್ಟ.

ಅಭಿಧಮನಿಯ ಬಗೆಯಲ್ಲಿ ಕೈ ಒಮ್ಮೆಗೇ ಊದಿಕೊಳ್ಳುತ್ತದೆ, ನೀಲಿಗಟ್ಟುತ್ತದೆ. ಭುಜ ಮತ್ತು ಎದೆಯ ಮೇಲ್ಭಾಗದಲ್ಲಿ ರಕ್ತನಾಳಗಳು ಉಬ್ಬಿ ಎದ್ದು ಕಾಣುತ್ತವೆ. ಭಾರವಾದ ಶ್ರಮದ ಮಾರನೆಯ ದಿನ ಆರೋಗ್ಯವಂತ ತರುಣರಲ್ಲಿ ಇದು ಕಾಣಿಸಿಕೊಳ್ಳಬಹುದು. ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟಿರುವುದೇ ಇದಕ್ಕೆ ಕಾರಣ. ಆ ಹೆಪ್ಪಿನ ತುಣುಕು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳುವ ಅಪಾಯವೂ ಉಂಟು.

ಅಪಧಮನಿಯ ಬಗೆ ಅತ್ಯಂತ ವಿರಳ. ಆದರೆ ಅಷ್ಟೇ ಗಂಭೀರ. ಬಹುಮಟ್ಟಿಗೆ ಹೆಚ್ಚುವರಿ ಪಕ್ಕೆಲುಬು ಇದ್ದವರಲ್ಲಿ ಇದು ಕಂಡುಬರುತ್ತದೆ. ಎಲುಬಿಗೆ ಉಜ್ಜಿ ಉಜ್ಜಿ ಅಪಧಮನಿಯ ಗೋಡೆ ಹಾಳಾಗುತ್ತದೆ, ಒತ್ತಡವಿರುವ ಜಾಗದ ಮುಂದೆ ಅದು ಬಲೂನಿನಂತೆ ಹಿಗ್ಗುತ್ತದೆ, ಅಲ್ಲಿ ಹೆಪ್ಪು ಕಟ್ಟುತ್ತದೆ. ಹೆಪ್ಪಿನ ಚೂರುಗಳು ಕೆಳಗೆ ಹರಿದು ಬೆರಳಿನ ಸಣ್ಣ ನಾಳಗಳನ್ನು ಮುಚ್ಚುತ್ತವೆ. ಕೈ ತಣ್ಣಗಾಗಿ ಬಿಳಿಚಿಕೊಳ್ಳುವುದು, ಬೆರಳ ತುದಿ ಕಪ್ಪಾಗುವುದು ಇದರ ಸೂಚನೆ. ತಡಮಾಡಿದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು.

ಕೈಯಿಂದ ಮುಟ್ಟಿ ನೋಡಿದ ಕಾಲ

ಈ ಕಾಯಿಲೆಯ ತಿಳಿವಳಿಕೆ ಹಂತಹಂತವಾಗಿ ಬೆಳೆದುಬಂದುದು. ೧೮೬೧ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಹೋಮ್ಸ್ ಕೂಟ್ ಅವರು ಕುತ್ತಿಗೆಯ ಹೆಚ್ಚುವರಿ ಎಲುಬನ್ನು ಕತ್ತರಿಸಿ ತೆಗೆದರು. ರಾಂಟ್ಜೆನ್ ಕ್ಷಕಿರಣವನ್ನು ಕಂಡುಹಿಡಿದದ್ದು ೧೮೯೫ರಲ್ಲಿ. ಅಂದರೆ ಅದಕ್ಕಿಂತ ಮೂವತ್ತನಾಲ್ಕು ವರ್ಷ ಮೊದಲೇ, ಒಳಗಿನದನ್ನು ಚಿತ್ರದಲ್ಲಿ ನೋಡುವ ಉಪಾಯವೇ ಇಲ್ಲದ ಕಾಲದಲ್ಲಿ ಆ ಶಸ್ತ್ರಕ್ರಿಯೆ ನಡೆಯಿತು. ೧೮೭೫ರಲ್ಲಿ ಜೇಮ್ಸ್ ಪ್ಯಾಜೆಟ್, ೧೮೮೪ರಲ್ಲಿ ಲಿಯೊಪೋಲ್ಡ್ ಫಾನ್ ಶ್ರೋಟರ್ ಅವರು ಕೈಯ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ವಿವರಿಸಿದರು. ಆ ಬಗೆಗೆ ಇಂದಿಗೂ ಅವರಿಬ್ಬರ ಹೆಸರು ಉಳಿದಿದೆ. ೧೯೨೭ರಲ್ಲಿ ಅಮೆರಿಕದ ಆಲ್ಫ್ರೆಡ್ ಆಡ್ಸನ್, ೧೯೪೫ರಲ್ಲಿ ಇರ್ವಿಂಗ್ ರೈಟ್ ಅವರು ಕೈ ಮತ್ತು ಕತ್ತಿನ ಭಂಗಿ ಬದಲಿಸಿ ನಾಡಿ ನೋಡುವ ಪರೀಕ್ಷೆಗಳನ್ನು ತಿಳಿಸಿದರು. ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್ ಎಂಬ ಒಟ್ಟು ಹೆಸರು ಬಳಕೆಗೆ ಬಂದದ್ದು ೧೯೫೬ರಲ್ಲಿ.

ಭಂಗಿ ಬದಲಿಸಿ ನೋಡುವ ಪರೀಕ್ಷೆಗಳು ಇಂದಿಗೂ ಬಳಕೆಯಲ್ಲಿವೆ. ಆಡ್ಸನ್ ಪರೀಕ್ಷೆಯಲ್ಲಿ ರೋಗಿಯು ಕತ್ತನ್ನು ಹಿಂದಕ್ಕೆ ಬಾಗಿಸಿ, ನೋವಿರುವ ಕಡೆಗೆ ಮುಖ ತಿರುಗಿಸಿ, ದೀರ್ಘವಾಗಿ ಉಸಿರೆಳೆದುಕೊಳ್ಳಬೇಕು. ವೈದ್ಯರು ಆಗ ಮಣಿಕಟ್ಟಿನ ನಾಡಿ ಕ್ಷೀಣಿಸುವುದೇ ಎಂದು ನೋಡುತ್ತಾರೆ. ಇನ್ನೊಂದು ಪರೀಕ್ಷೆ ಡೇವಿಡ್ ರೂಸ್ ಅವರದು. ಎರಡೂ ತೋಳುಗಳನ್ನು ಭುಜದ ಮಟ್ಟಕ್ಕೆ ಎತ್ತಿ, ಮೊಣಕೈ ಮಡಿಚಿ, ಮೂರು ನಿಮಿಷಗಳ ಕಾಲ ಮುಷ್ಟಿಯನ್ನು ಬಿಗಿದು ಬಿಚ್ಚುತ್ತಿರಬೇಕು. ಬಾಧೆಯಿರುವವರಿಗೆ ನೋವು ಮತ್ತು ಜೋಮು ಹೆಚ್ಚಿ ಕೈ ತಾನಾಗಿ ಕೆಳಗಿಳಿಯುತ್ತದೆ.

ಇವುಗಳ ಬೆಲೆ ದೊಡ್ಡದು. ಏಕೆಂದರೆ ಖರ್ಚಿಲ್ಲದೆ ಯಾವ ಹಳ್ಳಿಯ ಚಿಕಿತ್ಸಾಲಯದಲ್ಲಾದರೂ ಮಾಡಬಹುದು. ಆದರೆ ಇವುಗಳಿಗೊಂದು ಕೊರತೆಯಿದೆ. ಕೈ ಎತ್ತಿದಾಗ ನಾಡಿ ಕ್ಷೀಣಿಸುವುದು ಆರೋಗ್ಯವಂತರಲ್ಲಿಯೂ ಸಾಕಷ್ಟು ಮಂದಿಗೆ ಆಗುತ್ತದೆ. ನಾಡಿ ನಿಂತಿತೆಂಬುದು ಅಪಧಮನಿಯ ಸುದ್ದಿ. ನೋಯುತ್ತಿರುವುದು ನರವಾದರೆ ಆ ಸುದ್ದಿಯಿಂದ ನೇರವಾದ ಉತ್ತರ ದೊರೆಯುವುದಿಲ್ಲ. ಒತ್ತಡ ಎಲ್ಲಿದೆ, ಯಾವುದರ ಮೇಲಿದೆ, ಏಕಿದೆ ಎಂಬ ಮೂರು ಪ್ರಶ್ನೆಗಳಿಗಾಗಿ ಚಿತ್ರಣದ ಮೊರೆ ಹೋಗಬೇಕಾಗುತ್ತದೆ.

ಚಲನೆಯ ಚಿತ್ರಣ ಎಂದರೇನು?

ಸ್ಕ್ಯಾನ್ ಕೊಠಡಿಯಲ್ಲಿ ರೋಗಿಯನ್ನು ಸಾಮಾನ್ಯವಾಗಿ ಅಂಗಾತ ಮಲಗಿಸಿ, ಕೈಗಳನ್ನು ಪಕ್ಕದಲ್ಲಿ ಸಡಿಲವಾಗಿ ಇರಿಸುತ್ತಾರೆ. ನೋವೇ ಬಾರದ ಭಂಗಿ ಅದು. ಆ ಹೊತ್ತಿನಲ್ಲಿ ತೆಗೆದ ಚಿತ್ರ ನಿರ್ದೋಷವಾಗಿ ಕಂಡರೆ ಆಶ್ಚರ್ಯವಿಲ್ಲ. ಬಾಗಿಲು ತೆರೆದಿರುವಾಗ ನೋಡಿದವನಿಗೆ, ಅದು ಮುಚ್ಚುವಾಗ ಚೌಕಟ್ಟಿಗೆ ಉಜ್ಜುತ್ತದೆ ಎಂಬುದು ತಿಳಿಯುವುದು ಹೇಗೆ? ಆದ್ದರಿಂದ ಅದೇ ಜಾಗವನ್ನು ಎರಡು ಭಂಗಿಗಳಲ್ಲಿ, ಕೈ ಇಳಿಸಿದಾಗ ಒಮ್ಮೆ, ಕೈ ಎತ್ತಿದಾಗ ಇನ್ನೊಮ್ಮೆ, ಚಿತ್ರಿಸಿ ಹೋಲಿಸುತ್ತಾರೆ. ಇದನ್ನೇ ಚಲನೆಯ ಚಿತ್ರಣ ಎನ್ನುವುದು. ಇದಕ್ಕೆ ಬಳಕೆಯಾಗುವ ಸಾಧನಗಳು ಹಲವು. ಒಂದೊಂದರ ಬಲವೂ ಮಿತಿಯೂ ಬೇರೆ.

ಎಲ್ಲಕ್ಕೂ ಮೊದಲು ಬೇಕಾದುದು ಸರಳವಾದ ಎಕ್ಸ್‌ರೇ. ಕುತ್ತಿಗೆ ಮತ್ತು ಎದೆಯ ಎಕ್ಸ್‌ರೇಯಲ್ಲಿ ಹೆಚ್ಚುವರಿ ಪಕ್ಕೆಲುಬು, ಕೊರಳೆಲುಬಿನ ಹಳೆಯ ಮುರಿತ ತಿಳಿಯುತ್ತವೆ. ಶ್ವಾಸಕೋಶದ ತುದಿಯಲ್ಲಿ ಗಡ್ಡೆಯಿದ್ದು ಅದೇ ನರಗಳನ್ನು ಒತ್ತುತ್ತಿರಬಹುದೇ ಎಂಬ ಮುಖ್ಯವಾದ ಸಂದೇಹಕ್ಕೂ ಅದರಿಂದ ಮೊದಲ ಸುಳಿವು ದೊರೆಯುತ್ತದೆ. ಇಷ್ಟು ಸುಲಭವಾದ ಪರೀಕ್ಷೆಯನ್ನು ಬಿಟ್ಟು ದುಬಾರಿ ಸ್ಕ್ಯಾನಿಗೆ ಹೋಗುವುದು ವಿವೇಕವಲ್ಲ.

ಎರಡನೆಯದು ಡಾಪ್ಲರ್ ಅಲ್ಟ್ರಾಸೌಂಡ್. ನಮ್ಮತ್ತ ಬರುವ ರೈಲಿನ ಶಿಳ್ಳೆ ತೀಕ್ಷ್ಣವಾಗಿಯೂ ದೂರ ಸರಿಯುವಾಗ ಮಂದ್ರವಾಗಿಯೂ ಕೇಳುವುದನ್ನು ನಾವೆಲ್ಲ ಗಮನಿಸಿದ್ದೇವೆ. ೧೮೪೨ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ವಿವರಿಸಿದ ಈ ತತ್ತ್ವವೇ ಇಲ್ಲಿ ರಕ್ತದ ಓಟವನ್ನು ಅಳೆಯುತ್ತದೆ. ಹರಿಯುವ ರಕ್ತಕಣಗಳಿಂದ ಮರಳುವ ಧ್ವನಿಯ ಕಂಪನಾಂಕ ಬದಲಾಗುವುದರಿಂದ ರಕ್ತದ ವೇಗ ತಿಳಿಯುತ್ತದೆ. ಕಾಲುವೆ ಕಿರಿದಾದ ಕಡೆ ನೀರು ರಭಸವಾಗಿ ಹರಿಯುವಂತೆ, ಅಪಧಮನಿ ಅದುಮಿಕೊಂಡ ಕಡೆ ರಕ್ತದ ವೇಗ ಏರುತ್ತದೆ. ಪೂರ್ತಿ ಮುಚ್ಚಿದರೆ ಓಟವೇ ನಿಲ್ಲುತ್ತದೆ. ಈ ಪರೀಕ್ಷೆಯ ದೊಡ್ಡ ಗುಣವೆಂದರೆ ರೋಗಿಯನ್ನು ಕೂರಿಸಿ, ಕೈಯನ್ನು ನಿಧಾನವಾಗಿ ಎತ್ತಿಸುತ್ತಾ, ಯಾವ ಕೋನದಲ್ಲಿ ರಕ್ತ ತಡೆಯಾಯಿತೆಂದು ಅದೇ ಕ್ಷಣ ನೋಡಬಹುದು. ವಿಕಿರಣದ ಭಯವಿಲ್ಲ, ಚುಚ್ಚುಮದ್ದಿಲ್ಲ, ಖರ್ಚೂ ಕಡಿಮೆ. ಆದರೆ ಧ್ವನಿ ಎಲುಬನ್ನು ದಾಟಲಾರದಾದ್ದರಿಂದ ಕೊರಳೆಲುಬಿನ ನೇರ ಕೆಳಗಿನ ಭಾಗ ನೆರಳಿನಲ್ಲಿ ಉಳಿಯುತ್ತದೆ. ಪರೀಕ್ಷೆಯ ಗುಣಮಟ್ಟವೂ ಮಾಡುವವರ ಅನುಭವವನ್ನು ಅವಲಂಬಿಸಿದೆ.

ಮೂರನೆಯದು ಸಿ.ಟಿ. ಆಂಜಿಯೋಗ್ರಫಿ. ರಕ್ತನಾಳದೊಳಕ್ಕೆ ಅಯೋಡಿನ್ ಇರುವ ಔಷಧಿಯನ್ನು ಹರಿಸಿ, ಕೈ ಇಳಿಸಿ ಒಮ್ಮೆ, ಎತ್ತಿ ಒಮ್ಮೆ ಚಿತ್ರ ತೆಗೆಯುತ್ತಾರೆ. ಪ್ರತಿ ಸಲವೂ ಕೆಲವೇ ಕ್ಷಣಗಳ ಕೆಲಸವಾದ್ದರಿಂದ ಕೈಯನ್ನು ಬಹುಹೊತ್ತು ಎತ್ತಿಡಲಾಗದವರಿಗೂ ಸಹ್ಯ. ಎಲುಬು ಮತ್ತು ರಕ್ತನಾಳದ ಸಂಬಂಧ ಇದರಲ್ಲಿ ಬಹಳ ಸ್ಪಷ್ಟ. ನರಗಳು ಮಾತ್ರ ಅಷ್ಟು ಚೆನ್ನಾಗಿ ಕಾಣುವುದಿಲ್ಲ. ವಿಕಿರಣವಿದೆ, ಮೂತ್ರಪಿಂಡ ದುರ್ಬಲವಾಗಿರುವವರು, ಔಷಧಿಗೆ ಅಲರ್ಜಿಯಿರುವವರು, ಗರ್ಭಿಣಿಯರು ಮೊದಲೇ ವೈದ್ಯರಿಗೆ ತಿಳಿಸಬೇಕು.

ನಾಲ್ಕನೆಯದು ಎಂ.ಆರ್.ಐ. ನರ, ಸ್ನಾಯು, ನಾರಿನ ಪಟ್ಟಿ ಇವುಗಳನ್ನು ಬೇರೆ ಬೇರೆಯಾಗಿ ತೋರಿಸುವ ಶಕ್ತಿ ಈ ಸಾಧನಕ್ಕೆ ಹೆಚ್ಚು. ನರಗಳ ಸುತ್ತ ಸಹಜವಾಗಿ ಕೊಬ್ಬಿನ ತೆಳುವಾದ ಮೆತ್ತೆ ಇರುತ್ತದೆ. ಚಿತ್ರದಲ್ಲಿ ಅದು ಬೆಳ್ಳಗೆ ಹೊಳೆಯುವಂತೆ ತೆಗೆಯಬಹುದು. ಕೈ ಎತ್ತಿದ ಭಂಗಿಯಲ್ಲಿ ಆ ಬಿಳಿಯ ಅಂಚು ಮಾಯವಾದರೆ ನರ ಅಲ್ಲಿ ಅದುಮಿಕೊಂಡಿದೆ ಎಂಬ ಸುಳಿವು ಸಿಗುತ್ತದೆ. ದೇಹವನ್ನು ಪಕ್ಕದಿಂದ ಸೀಳಿದಂತೆ ಕಾಣುವ ಚಿತ್ರಗಳಲ್ಲಿ ಕೊರಳೆಲುಬಿಗೂ ಪಕ್ಕೆಲುಬಿಗೂ ಇರುವ ಅಂತರವನ್ನು ಎರಡೂ ಭಂಗಿಗಳಲ್ಲಿ ಅಳೆದು ಹೋಲಿಸಬಹುದು. ರಕ್ತನಾಳಗಳನ್ನೂ ಇದೇ ಪರೀಕ್ಷೆಯಲ್ಲಿ ನೋಡಬಹುದು. ಎರಡೂ ಕಡೆಯ ಭುಜಗಳನ್ನು ಚಿತ್ರಿಸಿದರೆ ನೋಯದ ಕಡೆಯೊಡನೆ ನೋಯುವ ಕಡೆಯನ್ನು ತೂಗಿ ನೋಡುವ ಅನುಕೂಲವೂ ಇದೆ.

ಇದರ ಕಷ್ಟವೂ ಭಂಗಿಗೆ ಸಂಬಂಧಿಸಿದ್ದೇ. ಯಂತ್ರದ ಸುರಂಗ ಕಿರಿದು. ಅದರೊಳಗೆ ಕೈ ಎತ್ತಿ ಅಲುಗಾಡದೆ ಹಲವು ನಿಮಿಷ ಮಲಗಬೇಕು. ನೋವು ಬರಿಸುವ ಭಂಗಿಯಲ್ಲೇ ನಿಶ್ಚಲವಾಗಿರುವುದು ನರದ ಬಾಧೆಯವರಿಗೆ ಸುಲಭವಲ್ಲ. ಅಲುಗಿದರೆ ಚಿತ್ರ ಮಸುಕಾಗುತ್ತದೆ. ಮಲಗಿದಾಗ ಹೆಗಲಿನ ಮೇಲೆ ತೋಳಿನ ತೂಕ ಬೀಳುವ ರೀತಿ ನಿಂತಾಗಿನಂತೆ ಇರುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಪೇಸ್‌ಮೇಕರ್ ಅಥವಾ ದೇಹದೊಳಗೆ ಲೋಹದ ವಸ್ತುಗಳಿರುವವರು ಮುಂಚಿತವಾಗಿ ತಿಳಿಸಬೇಕು. ಗ್ಯಾಡೊಲಿನಿಯಂ ಎಂಬ ಔಷಧಿ ಬಳಸುವುದಾದರೆ ಮೂತ್ರಪಿಂಡದ ಸ್ಥಿತಿಯನ್ನೂ ಗಮನಿಸುತ್ತಾರೆ.

ಇವಲ್ಲದೆ ಅಭಿಧಮನಿಯಲ್ಲಿ ಹೆಪ್ಪು ಕಟ್ಟಿರುವ ಸಂದೇಹ ಬಲವಾಗಿದ್ದಾಗ ತೋಳಿನ ರಕ್ತನಾಳಕ್ಕೆ ಸಣ್ಣ ನಳಿಕೆ ತೂರಿಸಿ ವೀನೋಗ್ರಫಿ ಮಾಡುತ್ತಾರೆ. ಅಲ್ಲಿಯೇ ಹೆಪ್ಪನ್ನು ಕರಗಿಸುವ ಚಿಕಿತ್ಸೆಯನ್ನೂ ಆರಂಭಿಸಬಹುದು ಎಂಬುದು ಅದರ ವಿಶೇಷ.

ಚಿತ್ರ ಹೇಳುವುದೆಷ್ಟು?

ಇಷ್ಟೆಲ್ಲ ಓದಿದ ಮೇಲೆ, ಕೈ ಎತ್ತಿಸಿ ಸ್ಕ್ಯಾನ್ ಮಾಡಿಸಿದರೆ ಎಲ್ಲವೂ ಬಗೆಹರಿಯಿತು ಎಂದು ಯಾರಿಗಾದರೂ ಅನ್ನಿಸಬಹುದು. ಇಲ್ಲಿಯೇ ನಾವು ಎಚ್ಚರ ವಹಿಸಬೇಕು. ಯಾವ ತೊಂದರೆಯೂ ಇಲ್ಲದ ಆರೋಗ್ಯವಂತರಿಗೆ ಇದೇ ಪರೀಕ್ಷೆ ಮಾಡಿದರೂ ಕೈ ಎತ್ತಿದಾಗ ಅವರಲ್ಲಿ ಅನೇಕರ ಅಭಿಧಮನಿ ಕಿರಿದಾಗುವುದು ಕಾಣುತ್ತದೆ. ಕೆಲವರಲ್ಲಿ ಅಪಧಮನಿಯೂ ಕಿರಿದಾಗುತ್ತದೆ. ಮಾನವದೇಹದ ರಚನೆಯೇ ಹಾಗಿದೆ. ಆದ್ದರಿಂದ ಚಿತ್ರದಲ್ಲಿ ಒತ್ತಡ ಕಂಡ ಮಾತ್ರಕ್ಕೆ ಕಾಯಿಲೆಯಿದೆ ಎಂದು ತೀರ್ಮಾನಿಸಲಾಗದು. ಹಾಗೆಯೇ ನರದ ಬಾಧೆ ನಿಜವಾಗಿದ್ದರೂ ಚಿತ್ರದಲ್ಲಿ ಏನೂ ಕಾಣದೆ ಹೋಗುವುದುಂಟು. ಆಗ ರೋಗಿಯ ನೋವನ್ನು ಸುಳ್ಳೆನ್ನಲೂ ಆಗದು.

ಮೂರು ಸಾಕ್ಷಿಗಳು ಒಂದೇ ಮಾತನ್ನು ಹೇಳಿದಾಗ ರೋಗನಿರ್ಣಯ ಗಟ್ಟಿಯಾಗುತ್ತದೆ. ರೋಗಿಯ ಅನುಭವ ಮೊದಲ ಸಾಕ್ಷಿ, ವೈದ್ಯರು ಮುಟ್ಟಿ, ಭಂಗಿ ಬದಲಿಸಿ ಮಾಡಿದ ಪರೀಕ್ಷೆ ಎರಡನೆಯದು, ಚಿತ್ರಣ ಮೂರನೆಯದು. ಕೈ ಎತ್ತಿದಾಗ ಬರುವ ನೋವಿನ ಜಾಗವೂ ಚಿತ್ರದಲ್ಲಿ ಕಾಣುವ ಒತ್ತಡದ ಜಾಗವೂ ಒಂದಕ್ಕೊಂದು ಹೊಂದಿಕೊಳ್ಳಬೇಕು. ಸಂದೇಹ ಉಳಿದರೆ ನರಗಳ ವಿದ್ಯುತ್ ಪರೀಕ್ಷೆ ಮಾಡಿಸುತ್ತಾರೆ. ನರ ಬಹಳ ಹಾನಿಗೊಂಡಿದ್ದರೆ ಅದು ಚೆನ್ನಾಗಿ ತೋರಿಸುತ್ತದೆ. ಆರಂಭದ ಹಂತದಲ್ಲಿ ಅದೂ ಸರಿಯಾಗಿಯೇ ಬರಬಹುದು. ಅಲ್ಟ್ರಾಸೌಂಡ್ ನೋಡುತ್ತಾ ಸ್ಕೇಲೀನ್ ಸ್ನಾಯುವಿಗೆ ಮರಗಟ್ಟಿಸುವ ಔಷಧಿ ಚುಚ್ಚಿ, ಸ್ವಲ್ಪ ಹೊತ್ತಿನ ಮಟ್ಟಿಗಾದರೂ ನೋವು ಇಳಿಯುವುದೇ ಎಂದು ನೋಡುವ ಕ್ರಮವೂ ಇದೆ. ಇಳಿದರೆ ಒತ್ತಡ ಅಲ್ಲಿಯೇ ಎಂಬ ನಂಬಿಕೆ ಹೆಚ್ಚುತ್ತದೆ.

ಈ ಎಚ್ಚರ ಏಕೆಂದರೆ ಮುಂದಿನ ನಿರ್ಧಾರ ದೊಡ್ಡದು. ಮೊದಲನೆಯ ಪಕ್ಕೆಲುಬನ್ನು ತೆಗೆಯುವ ಶಸ್ತ್ರಕ್ರಿಯೆ ನರಗಳಿಗೂ ದೊಡ್ಡ ರಕ್ತನಾಳಗಳಿಗೂ ಶ್ವಾಸಕೋಶದ ಹೊದಿಕೆಗೂ ತೀರ ಸಮೀಪದಲ್ಲಿ ನಡೆಯುವಂಥದು. ಬೇಕಾದವರಿಗೆ ಅದು ಕೈಯನ್ನು ಉಳಿಸಿಕೊಡುತ್ತದೆ. ಬೇಡದವರಿಗೆ ಹೊಸ ತೊಂದರೆ ತಂದಿಡಬಹುದು.

ಇದೇ ರೀತಿ ತೋರುವ ಬೇರೆ ಕಾಯಿಲೆಗಳು

ಎಡಗೈಯ ನೋವು ಎದೆಯ ಬಿಗಿತ, ಬೆವರು, ಉಸಿರಾಟದ ಕಷ್ಟದೊಂದಿಗೆ ಬಂದರೆ ಅದು ಹೃದಯಾಘಾತ ಇರಬಹುದು. ಆಗ ಭುಜದ ವಿಚಾರವನ್ನು ಬದಿಗಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಬೇಕು. ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲಿ ರಾತ್ರಿಯ ಹೊತ್ತು ಜೋಮು ಹೆಚ್ಚಿದರೆ ಮಣಿಕಟ್ಟಿನ ನರದ ಒತ್ತಡ ಸಂಭವನೀಯ. ಕಿರುಬೆರಳಿನ ಜೋಮಿಗೆ ಮೊಣಕೈಯ ಹಿಂದಿನ ನರವೂ ಕಾರಣವಾಗಬಹುದು. ಕುತ್ತಿಗೆಯ ಡಿಸ್ಕ್ ಜಾರಿದರೆ ಕತ್ತು ತಿರುಗಿಸುವಾಗ ನೋವು ತೋಳಿಗಿಳಿಯುತ್ತದೆ. ಸಕ್ಕರೆ ಕಾಯಿಲೆಯ ಜೋಮು ಬಹುಮಟ್ಟಿಗೆ ಪಾದಗಳಲ್ಲಿ ಮೊದಲಾಗುತ್ತದೆ. ನಮ್ಮ ದೇಶದಲ್ಲಿ ಮರೆಯಬಾರದ ಮತ್ತೊಂದು ಕಾಯಿಲೆ ಕುಷ್ಠರೋಗ. ಚರ್ಮದ ಮೇಲೆ ಸ್ಪರ್ಶಜ್ಞಾನವಿಲ್ಲದ ಮಚ್ಚೆ, ಮೊಣಕೈಯ ಬಳಿ ದಪ್ಪವಾದ ನರ, ಮಡಿಚಿಕೊಳ್ಳುತ್ತಿರುವ ಕಿರುಬೆರಳು ಇದ್ದರೆ ಸಂಕೋಚವಿಲ್ಲದೆ ತೋರಿಸಿಕೊಳ್ಳಬೇಕು. ಅದಕ್ಕೆ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆಯಿದೆ, ಪೂರ್ತಿ ವಾಸಿಯೂ ಆಗುತ್ತದೆ.

ಚಿಕಿತ್ಸೆಯ ದಾರಿ

ನರದ ಬಗೆಯಲ್ಲಿ ಮೊದಲ ಚಿಕಿತ್ಸೆ ವ್ಯಾಯಾಮವೇ. ತಿಳಿದ ಫಿಸಿಯೋಥೆರಪಿ ತಜ್ಞರ ಮಾರ್ಗದರ್ಶನದಲ್ಲಿ ಕುತ್ತಿಗೆ ಮತ್ತು ಎದೆಯ ಬಿಗಿದ ಸ್ನಾಯುಗಳನ್ನು ಸಡಿಲಿಸಿ, ಬೆನ್ನಿನ ಮೇಲ್ಭಾಗದ ಸ್ನಾಯುಗಳನ್ನು ಬಲಪಡಿಸಿದರೆ ಹೆಗಲು ತನ್ನ ಸಹಜ ನೆಲೆಗೆ ಮರಳುತ್ತದೆ. ಇದಕ್ಕೆ ತಿಂಗಳುಗಳ ತಾಳ್ಮೆ ಬೇಕು. ಜೊತೆಗೆ ದುಡಿಮೆಯ ರೀತಿಯನ್ನೂ ತಿದ್ದಬೇಕು. ಏಣಿ ಅಥವಾ ಮಣೆಯ ಮೇಲೆ ನಿಂತು ಕೆಲಸವನ್ನು ಭುಜದ ಮಟ್ಟಕ್ಕೆ ತಂದುಕೊಳ್ಳುವುದು, ನಡುನಡುವೆ ಕೈ ಇಳಿಸಿ ವಿರಮಿಸುವುದು, ಒಂದೇ ಹೆಗಲಿಗೆ ಭಾರದ ಚೀಲ ತೂಗುಹಾಕದಿರುವುದು, ತಲೆಯ ಕೆಳಗೆ ಕೈಯಿಟ್ಟು ಮಲಗದಿರುವುದು ಇವೆಲ್ಲ ಖರ್ಚಿಲ್ಲದ ಔಷಧಿಗಳು. ಇವುಗಳಿಂದ ಗುಣವಾಗದೆ ಕೈಯ ಬಲ ಕುಂದುತ್ತ ಹೋದಾಗ ಶಸ್ತ್ರಕ್ರಿಯೆಯ ಯೋಚನೆ ಬರುತ್ತದೆ.

ರಕ್ತನಾಳದ ಬಗೆಗಳಲ್ಲಿ ಹೀಗೆ ಕಾಯುವಂತಿಲ್ಲ. ಅಭಿಧಮನಿಯ ಹೆಪ್ಪನ್ನು ಆದಷ್ಟು ಬೇಗ, ಕೆಲವೇ ದಿನಗಳೊಳಗೆ ಕರಗಿಸಿದರೆ ಫಲ ಹೆಚ್ಚು. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧಿ ಕೊಟ್ಟು, ಅನಂತರ ಒತ್ತುತ್ತಿರುವ ಪಕ್ಕೆಲುಬನ್ನು ತೆಗೆಯುವ ಬಗ್ಗೆ ತಜ್ಞರು ನಿರ್ಧರಿಸುತ್ತಾರೆ. ಅಪಧಮನಿ ಹಾನಿಗೊಂಡಿದ್ದರೆ ಎಲುಬನ್ನು ತೆಗೆದು ನಾಳವನ್ನೂ ಸರಿಪಡಿಸಬೇಕಾಗುತ್ತದೆ.

ವೈದ್ಯರ ಬಳಿ ಹೋಗುವಾಗ

ವೈದ್ಯರಿಗೆ ಬೇಕಾದ ಮಾಹಿತಿಯಲ್ಲಿ ದೊಡ್ಡ ಪಾಲು ರೋಗಿಯ ಬಳಿಯೇ ಇರುತ್ತದೆ. ಯಾವ ಬೆರಳುಗಳಿಗೆ ಜೋಮು ಹಿಡಿಯುತ್ತದೆ, ಯಾವ ಕೆಲಸ ಮಾಡುವಾಗ, ಕೈ ಎಷ್ಟು ಎತ್ತಿದಾಗ, ಎಷ್ಟು ಹೊತ್ತಿಗೆ ಶುರುವಾಗುತ್ತದೆ, ಇಳಿಸಿದ ಮೇಲೆ ಎಷ್ಟು ಹೊತ್ತಿಗೆ ಹೋಗುತ್ತದೆ, ಬಣ್ಣ ಬದಲಾಗುವುದೇ, ಕೈ ತಣ್ಣಗಾಗುವುದೇ, ಹಿಂದೆ ಎಂದಾದರೂ ಭುಜಕ್ಕೆ ಪೆಟ್ಟು ಬಿದ್ದಿತ್ತೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗುವುದು ಒಳ್ಳೆಯದು. ಸ್ಕ್ಯಾನ್ ಬರೆದುಕೊಟ್ಟಾಗ, ಕೈ ಎತ್ತಿದ ಭಂಗಿಯಲ್ಲಿಯೂ ಚಿತ್ರ ತೆಗೆಯುವ ಅಗತ್ಯವಿದೆಯೇ ಎಂದು ವಿನಯದಿಂದ ಕೇಳಬಹುದು. ನಮ್ಮ ತೊಂದರೆ ಕೈ ಎತ್ತಿದಾಗ ಬರುವಂಥದೆಂದು ಸ್ಕ್ಯಾನ್ ಕೊಠಡಿಯ ಸಿಬ್ಬಂದಿಗೂ ತಿಳಿಸಬೇಕು. ಹಳೆಯ ಎಕ್ಸ್‌ರೇ, ಸ್ಕ್ಯಾನ್‌ಗಳನ್ನು ಎಸೆಯದೆ ಜೋಡಿಸಿಟ್ಟು ಒಯ್ದರೆ ಮತ್ತೆ ಮತ್ತೆ ಅದೇ ಪರೀಕ್ಷೆಗೆ ಹಣ ತೆರುವುದು ತಪ್ಪುತ್ತದೆ.

ಕೈ ಒಮ್ಮೆಗೇ ಊದಿ ನೀಲಿಗಟ್ಟಿದರೆ, ಬೆರಳು ಬಿಳಿಚಿ ತಣ್ಣಗಾದರೆ, ತುದಿ ಕಪ್ಪಾಗತೊಡಗಿದರೆ, ಕೈ ಊದಿದವರಿಗೆ ಎದೆನೋವು ಅಥವಾ ಉಸಿರುಕಟ್ಟುವಿಕೆ ಕಾಣಿಸಿದರೆ ನಾಳೆಗೆ ಮುಂದೂಡಬಾರದು. ಅಂಥ ಹೊತ್ತಿನಲ್ಲಿ ಎಣ್ಣೆ ಹಚ್ಚಿ ತಿಕ್ಕಿಸಿಕೊಳ್ಳುವುದು, ಜಗ್ಗಿಸಿಕೊಳ್ಳುವುದು ಅಪಾಯಕರ. ಹೆಪ್ಪಿನ ತುಣುಕು ಕಳಚಿ ಮುಂದಕ್ಕೆ ಹೋಗಬಹುದು.

ಮನೆಯಲ್ಲಿ ಯಾರಾದರೂ ಕೈ ಎತ್ತಲಾಗುತ್ತಿಲ್ಲ, ತಲೆ ಬಾಚಲಾಗುತ್ತಿಲ್ಲ ಎಂದಾಗ ಅದನ್ನು ಸೋಮಾರಿತನವೆಂದೋ ನೆಪವೆಂದೋ ತಳ್ಳಿಹಾಕದಿರೋಣ. ವರದಿಯಲ್ಲಿ ಏನೂ ಇಲ್ಲವೆಂದರೆ, ಆ ಪರೀಕ್ಷೆ ಮಾಡಿದ ಭಂಗಿಯಲ್ಲಿ ಏನೂ ಕಾಣಲಿಲ್ಲ ಎಂದಷ್ಟೇ ಅರ್ಥ. ಅವರ ಮಾತನ್ನು ನಂಬಿ, ಸರಿಯಾದ ವೈದ್ಯರ ಬಳಿಗೆ ಕರೆದೊಯ್ದು, ಸರಿಯಾದ ಭಂಗಿಯಲ್ಲಿ ನೋಡಿಸಿದರೆ ದುಡಿಯುವ ಕೈಯೊಂದು ಮತ್ತೆ ತನ್ನ ಕಾಯಕಕ್ಕೆ ಮರಳೀತು.